ಕೊಟ್ಟ ಅಕ್ಷರಗಳಿಂದ ಪದ ಹುಡುಕುವ ಆಟ: ಯಾವ ಪದ ನಡೆಯುತ್ತೆ, ಯಾವುದು ನಡೆಯಲ್ಲ?

ಬೈಟು ಕಾಫಿ:
ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಪದದಾಟ ಇಡುತ್ತೇವೆ. ಬೋರ್ಡ್ ಮೇಲೆ 12 ಅಕ್ಷರ ಬರೆಯುತ್ತೇವೆ, 10 ನಿಮಿಷ ಕೊಡುತ್ತೇವೆ, ಯಾವ ತಂಡ ಜಾಸ್ತಿ ಪದ ಬರೆಯುತ್ತೋ ಅದು ಗೆದ್ದ ಹಾಗೆ. ಕೇಳೋಕೆ ಸುಲಭ ಅಲ್ವಾ? ಆದರೆ ಪ್ರತಿ ಸಲ ಕೊನೆಗೆ ಜಗಳ. ಒಬ್ಬರು ‘ಇದು ಪದಾನೇ ಅಲ್ಲ’ ಅಂತಾರೆ. ಇನ್ನೊಬ್ಬರು ‘ನಮ್ಮೂರಲ್ಲಿ ಹೀಗೇ ಅನ್ನೋದು’ ಅಂತಾರೆ. ತೀರ್ಪು ಕೊಡೋಕೆ ನಿಂತವರಿಗೆ ಎರಡೂ ಕಡೆಯಿಂದ ಬೈಗುಳ.

ಈ ಸಲದ ಅಕ್ಷರಗಳು ಇವು. ನಮ್ಮವರು ಯಾರೂ ಇಲ್ಲಿಗೆ ಬರಲ್ಲ ಅನ್ನೋ ಧೈರ್ಯದ ಮೇಲೆ ಹಾಕುತ್ತಿದ್ದೇನೆ.

ಕ, ಡ, ಲು, ಮ, ರ, ಗಿ, ಳಿ, ನ, ದಿ, ಸ, ವಿ, ತಾ

ಇದರಲ್ಲಿ ಯಾವ ಯಾವ ಪದ ಸಿಗುತ್ತೆ ಅಂತ ಮೊದಲೇ ತಿಳಿದುಕೊಳ್ಳೋಕೆ ದಾರಿ ಇದೆಯಾ? ಇಂಗ್ಲಿಷಿಗಾದರೆ ಅಕ್ಷರ ಹಾಕಿದ ತಕ್ಷಣ ಪದಗಳ ರಾಶಿ ಸುರಿಯೋ ಸೈಟುಗಳು ಬೇಕಾದಷ್ಟಿವೆ. ಕನ್ನಡಕ್ಕೆ ಏನು ಮಾಡೋದು? ಮತ್ತೆ, ಯಾವ ಪದ ಒಪ್ಪಬೇಕು, ಯಾವುದನ್ನ ಬಿಡಬೇಕು ಅನ್ನೋಕೆ ಏನಾದರೂ ನಿಯಮ ಹೇಳಿ.

ಪದಹುಚ್ಚ:
ಸುಮ್ನೆ ಕೂತು ನೋಡಿದರೆ ಕಣ್ಣಿಗೆ ಬಿದ್ದದ್ದು: ಮರ, ಗಿಳಿ, ಗಿಡ, ನದಿ, ದಿನ, ಕವಿ, ರವಿ, ಸವಿ, ಸರ, ರಸ, ಕರ, ನರ, ಕಸ, ಕಡಲು, ತಾಳಿ, ಮನವಿ. ಕಾಫಿ ಆರುವಷ್ಟರಲ್ಲಿ ಇಷ್ಟು. ಇನ್ನೂ ಇದೆ, ಬೇರೆಯವರಿಗೂ ಬಿಡೋಣ.

ಚೌಕಳಿ:
ನಾನು ಪದಬಂಧ ಮಾಡುವವನು. ಆದ್ದರಿಂದ ಮೊದಲು ಒಂದು ಮಾತು. ನೀವು ‘12 ಅಕ್ಷರ’ ಅಂದಿರಲ್ಲ, ಅಕ್ಷರ ಅಂದರೆ ಏನು ಅಂತ ಆಟ ಶುರುವಾಗೋ ಮುಂಚೆ ಗಟ್ಟಿಯಾಗಿ ಹೇಳಬೇಕು. ಅರ್ಧ ಜಗಳ ಅಲ್ಲೇ ಹುಟ್ಟೋದು. ‘ದಿ’ ಕೊಟ್ಟರೆ ಅದು ‘ದಿ’ ಮಾತ್ರವೋ, ‘ದ’, ‘ದು’, ‘ದೇ’ ಅಂತ ಬದಲಾಯಿಸಿಕೊಳ್ಳಬಹುದೋ? ಒಂದು ತಂಡ ಬದಲಾಯಿಸಬಹುದು ಅಂದುಕೊಂಡು ಆಡುತ್ತೆ, ಇನ್ನೊಂದು ಆಗಲ್ಲ ಅಂದುಕೊಂಡು ಆಡುತ್ತೆ. ಆಮೇಲೆ ಪಂಚಾಯಿತಿ.

ಪತ್ರಿಕೆ ಪದಬಂಧದಲ್ಲಿ ಇದು ಎಷ್ಟೋ ವರ್ಷದಿಂದ ಇತ್ಯರ್ಥ ಆಗಿದೆ. ಒಂದು ಚೌಕಕ್ಕೆ ಒಂದು ಅಕ್ಷರ, ಗುಣಿತ ಒತ್ತು ಎಲ್ಲ ಸೇರಿಸಿ. ‘ಕನ್ನಡ’ಕ್ಕೆ ಮೂರು ಚೌಕ: ಕ, ನ್ನ, ಡ. ‘ಅಂಗಡಿ’ಗೂ ಮೂರು, ಸೊನ್ನೆಗೆ ಬೇರೆ ಮನೆ ಇಲ್ಲ. ‘ಸ್ತ್ರೀ’ಗೆ ಒಂದೇ ಚೌಕ. ‘ಬಸ್’ಗೆ ಎರಡು, ಯಾಕಂದರೆ ಕೊನೆಯ ಅರ್ಧಾಕ್ಷರಕ್ಕೂ ಒಂದು ಮನೆ ಬೇಕು. ನಿಮ್ಮ ಆಟಕ್ಕೂ ಇದೇ ನಿಯಮ ಇಟ್ಟುಕೊಳ್ಳಿ. ಜನಕ್ಕೆ ಪದಬಂಧ ಆಡಿ ಅಭ್ಯಾಸ ಇರುತ್ತೆ, ಹೊಸದಾಗಿ ವಿವರಿಸೋ ಗೋಜಿಲ್ಲ.

ಇನ್ನೊಂದು. ಕೊಟ್ಟ ಅಕ್ಷರವನ್ನ ಒಂದು ಪದದಲ್ಲಿ ಎಷ್ಟು ಸಲ ಬಳಸಬಹುದು? ‘ಕನಕ’ ಬರೆದರೆ ಎರಡು ‘ಕ’ ಬೇಕು, ನಿಮ್ಮ ಪಟ್ಟಿಯಲ್ಲಿ ಇರೋದು ಒಂದೇ. ಒಂದು ಸಲ ಮಾತ್ರ ಅಂತ ಇಡೋದು ನನಗೆ ಇಷ್ಟ. ಇಲ್ಲಾಂದರೆ ಆಟ ಸಡಿಲವಾಗುತ್ತೆ.

ನಲಿಕಲಿ ಟೀಚರ್:
ಚೌಕಳಿ ಸರ್, ದೊಡ್ಡವರಿಗೆ ಒಂದೇ ಸಲ ಅನ್ನೋದು ಸರಿ. ಮಕ್ಕಳಿಗೆ ಮಾತ್ರ ಬೇಡ. ನಾವು ಶಾಲೆಯಲ್ಲಿ ಮಾಡೋದೇ ಬೇರೆ. ನಲಿ ಕಲಿ ಅನ್ನೋ ಸರ್ಕಾರಿ ಶಾಲೆಯ ಕಲಿಕೆ ಪದ್ಧತಿಯಲ್ಲಿ ‘ಅ ಆ ಇ ಈ’ ಅಂತ ಸಾಲಾಗಿ ಕಲಿಸಲ್ಲ, ‘ರ ಗ ಸ ದ ಅ’ ಅಂತ ಶುರು ಮಾಡುತ್ತೇವೆ. ಯಾಕೆ ಗೊತ್ತಾ? ಈ ಐದೇ ಅಕ್ಷರ ಬಂದರೆ ಸಾಕು, ಮಗು ಅವತ್ತೇ ಪದ ಓದುತ್ತೆ. ಸರ, ರಸ, ದರ, ಅರಸ, ಅಗಸ, ದಸರ, ಗರಗಸ. ವರ್ಣಮಾಲೆಯ ಮೊದಲ ಐದು ಸ್ವರ ಇಟ್ಟುಕೊಂಡು ಮಗು ಏನು ಪದ ಮಾಡುತ್ತೆ ಹೇಳಿ?

‘ಗರಗಸ’ಕ್ಕೆ ಎರಡು ‘ಗ’ ಬೇಕಲ್ಲ, ಅದಕ್ಕೇ ಹೇಳಿದ್ದು ಮಕ್ಕಳ ಸುತ್ತಿನಲ್ಲಿ ಎಷ್ಟು ಸಲ ಬೇಕಾದರೂ ಬಳಸಲಿ ಅಂತ. ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಯಾವ ಅಕ್ಷರ ಮೊದಲು ಕೊಟ್ಟರೆ ಜಾಸ್ತಿ ಪದ ಹುಟ್ಟುತ್ತೆ ಅನ್ನೋ ಲೆಕ್ಕ ಅದರೊಳಗೇ ಇದೆ. ನಿಮ್ಮ ಬೋರ್ಡಿಗೆ ಅಕ್ಷರ ಆರಿಸುವಾಗಲೂ ಅದನ್ನೇ ನೋಡಬೇಕು. ರ, ಸ, ನ, ಕ, ಮ ಇದ್ದರೆ ಪದ ಬೀಳ್ತಾನೇ ಇರುತ್ತೆ. ಞ, ಝ, ಢ ಹಾಕಿದರೆ ಎಲ್ಲರೂ ಬೋರ್ಡ್ ನೋಡ್ತಾ ಕೂರುತ್ತಾರೆ.

ಟೆಕ್ಸಾಸ್ ಕನ್ನಡತಿ:
ನಮ್ಮ ಮನೆಯಲ್ಲಿ ಇಂಗ್ಲಿಷ್ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟೋ ಆಟ) ಜಾಸ್ತಿ ನಡೆಯುತ್ತೆ. ಅದೇ ತರ ಕನ್ನಡದಲ್ಲಿ ಬಿಲ್ಲೆ ಮಾಡೋಣ ಅಂತ ಕೂತಾಗ ಗೊತ್ತಾಗಿದ್ದು, ಆಗದ ಕೆಲಸ ಅಂತ. ಸ್ಕ್ರ್ಯಾಬಲ್ ಹುಟ್ಟಿಸಿದ ಆಲ್ಫ್ರೆಡ್ ಬಟ್ಸ್ ಅನ್ನೋ ಆರ್ಕಿಟೆಕ್ಟ್ ಪತ್ರಿಕೆಗಳ ಪುಟ ಇಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿದ್ದರಂತೆ. ಅದರ ಮೇಲೆ 100 ಬಿಲ್ಲೆ. ‘ಇ’ಗೆ 12 ಬಿಲ್ಲೆ, ‘ಕ್ಯೂ’ಗೆ ಒಂದೇ, ಆದರೆ ಅದಕ್ಕೆ 10 ಅಂಕ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಕ ಕಾ ಕಿ ಕೀಯಿಂದ ಕಂ ಕಃ ತನಕ 15 ರೂಪ. ಒಟ್ಟು 510 ಆಯಿತು. ಒತ್ತಕ್ಷರ ಇನ್ನೂ ಎಣಿಸೇ ಇಲ್ಲ! ಯಾವ ಚೀಲಕ್ಕೆ ಹಿಡಿಸುತ್ತೆ?

ಕೊನೆಗೆ ನಾವು ಮಾಡಿಕೊಂಡ ದಾರಿ: ಬಿಲ್ಲೆಯಲ್ಲಿ ವ್ಯಂಜನ ಮಾತ್ರ, ಗುಣಿತ ಯಾವುದು ಬೇಕಾದರೂ ಹಾಕಿಕೊಳ್ಳಿ ಅಂತ. ಕ, ರ, ಳ, ನ, ಡ ಐದೇ ಕೊಟ್ಟು ನೋಡಿ. ಕರುಳು, ಕೊರಳು, ನೆರಳು, ನರಳು, ಕರಡಿ, ಕುರುಡು, ನಡುಕ, ಕಾಡು, ನಾಡು, ಕೋಡು, ನೋಡು, ಕಾಳು, ನಾಳೆ, ಕೊಳ, ಕೊಡ, ನೀರು, ಕೆನೆ, ರಾಡಿ... ನಿಲ್ಲೋದೇ ಇಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕೇಳಿ ಗೊತ್ತಿರೋ ಪದಗಳೆಲ್ಲ ಹೀಗೆ ಹೊರಗೆ ಬರುತ್ತೆ, ಬರೆಯೋಕೆ ಬರದಿದ್ದರೂ ಹೇಳುತ್ತಾರೆ. ಒಂದು ಅಕ್ಷರಕ್ಕೆ ಒಂದೇ ರೂಪ ಅನ್ನೋ ನಿಯಮ ಇಟ್ಟರೆ ಅವರು ಎದ್ದು ಹೋಗುತ್ತಾರೆ.

ಚೌಕಳಿ:
ಅದೂ ಚೆನ್ನಾಗಿದೆ ಮೇಡಂ. ಆದರೆ 10 ನಿಮಿಷದಲ್ಲಿ ನೂರಾರು ಪದ ಬಂದರೆ ತೀರ್ಪುಗಾರರ ಗತಿ ಏನು? ಬಿಲ್ಲೆ ಆಟಕ್ಕೆ ನಿಮ್ಮದು, ಬೋರ್ಡ್ ಆಟಕ್ಕೆ ನನ್ನದು. ಎರಡನ್ನೂ ಕಲಸಬಾರದು ಅಷ್ಟೇ.

ಸೊನ್ನೆ ಒಂದು:
ಕಂಪ್ಯೂಟರಲ್ಲಿ ಹುಡುಕೋದು ಹೇಗೆ ಅಂತ ಕೇಳಿದಿರಿ. ಮಾಡಬಹುದು, ದೊಡ್ಡ ವಿದ್ಯೆ ಏನಲ್ಲ. ಬೇಕಾಗಿರೋದು ಒಂದು ಪದಪಟ್ಟಿ ಮತ್ತೆ ಅಕ್ಷರ ಒಡೆಯೋ ಸಣ್ಣ ಪ್ರೋಗ್ರಾಂ.

ಪದಪಟ್ಟಿಗೆ ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. 1.5 ಲಕ್ಷಕ್ಕೂ ಹೆಚ್ಚು ಪದ ಇದೆ, 2019ರಿಂದ ಆನ್‌ಲೈನಲ್ಲಿ ಇದೆ, ದತ್ತಾಂಶ ಮುಕ್ತವಾಗಿ ಇಳಿಸಿಕೊಳ್ಳಬಹುದು. ಅದರಿಂದ ಪದಗಳನ್ನ ಮಾತ್ರ ತೆಗೆದುಕೊಳ್ಳಿ, ಅರ್ಥ ಸದ್ಯಕ್ಕೆ ಬೇಡ.

ಈಗ ತಲೆನೋವು. ಇಂಗ್ಲಿಷಿಗೆ ಬರೆದ ಪ್ರೋಗ್ರಾಂ ತಂದು ಕನ್ನಡಕ್ಕೆ ಹಚ್ಚಿದರೆ ಎಡವಟ್ಟು. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳೋ ಸಂಕೇತದಲ್ಲಿ, ‘ಕನ್ನಡ’ ಅಂದರೆ ಮೂರು ಅಲ್ಲ, ಐದು ತುಂಡು: ಕ, ನ, ಹಲಂತ (ಅರ್ಧಾಕ್ಷರದ ಚಿಹ್ನೆ), ನ, ಡ. ‘ಸ್ತ್ರೀ’ ಅನ್ನೋ ಒಂದು ಚೌಕದಲ್ಲಿ ಆರು ತುಂಡು ಇದೆ. ‘ವಿಕಟಕವಿ’ ಹಿಂದುಮುಂದು ಒಂದೇ ಅಂತ ಎಲ್ಲರಿಗೂ ಗೊತ್ತು, ಆದರೆ ಕಂಪ್ಯೂಟರಿಗೆ ತಿರುಗಿಸು ಅಂದರೆ ಮೊದಲನೇದಾಗಿ ಬರೋದು ಒಂಟಿ ಗುಡಿಸು, ಅದಕ್ಕೆ ಕೂರೋಕೆ ಅಕ್ಷರವೇ ಇಲ್ಲ. ತೆನಾಲಿ ರಾಮಕೃಷ್ಣ ನೋಡಿದ್ದರೆ ನಕ್ಕಿರೋರು.

ಹಾಗಾಗಿ ಒಡೆಯೋ ನಿಯಮ ನಾವೇ ಬರೆಯಬೇಕು. ಒಂದು ವ್ಯಂಜನ ತಗೊಳ್ಳಿ, ಅದಾದ ಮೇಲೆ ಹಲಂತ ಮತ್ತು ಇನ್ನೊಂದು ವ್ಯಂಜನ ಬಂದರೆ ಅದನ್ನೂ ಸೇರಿಸಿ, ಎಷ್ಟು ಸಲ ಬಂದರೂ ಸೇರಿಸ್ತಾ ಹೋಗಿ, ಆಮೇಲೆ ಗುಣಿತದ ಚಿಹ್ನೆ ಇದ್ದರೆ ಅದು, ಕೊನೆಗೆ ಅನುಸ್ವಾರ ವಿಸರ್ಗ ಇದ್ದರೆ ಅದು. ಇಷ್ಟಕ್ಕೆ ಒಂದು ಅಕ್ಷರ. ಪದದ ಶುರುವಲ್ಲಿ ಸ್ವರ ಇದ್ದರೆ ಅದೊಂದೇ ಒಂದು ಅಕ್ಷರ, ಜೊತೆಗೆ ಸೊನ್ನೆ ಇದ್ದರೆ ಸೊನ್ನೆಯೂ. ಪದ ಮುಗಿಯುವಾಗ ಹಲಂತ ಉಳಿದರೆ ‘ಸ್’ ತರ ಅದನ್ನೂ ಬೇರೆ ಅಕ್ಷರ ಅಂತ ಎಣಿಸಿ. ಪೈಥಾನಿನಲ್ಲಿ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ನಮೂನೆ ಹುಡುಕೋ ಸೂತ್ರ) ಸಾಕು. ರೆಡಿಮೇಡ್ ಲೈಬ್ರರಿಗಳನ್ನ ನಂಬಬೇಡಿ, ನಾನು ನೋಡಿದವು ‘ನ್ನ’ವನ್ನ ‘ನ್’ ಮತ್ತು ‘ನ’ ಅಂತ ಸೀಳುತ್ತವೆ.

ಇನ್ನೊಂದು ಮೂಲೆಯಲ್ಲಿ ಕೂತ ತೊಂದರೆ ಹೇಳುತ್ತೇನೆ. ‘ಕೊ’ದಲ್ಲಿರೋ ಚಿಹ್ನೆಯನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ತರ ಕಾಣುತ್ತೆ, ಹೋಲಿಸಿದರೆ ಬೇರೆ ಬೇರೆ ಅನ್ನುತ್ತೆ. ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತಂದುಬಿಡಿ. ‘ಸಾಫ್ಟ್‌ವೇರ್’ ತರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಮೇಲೆ ಸುಲಭ. ಬೋರ್ಡಿನ ಅಕ್ಷರಗಳನ್ನ ಎಣಿಸಿ ಇಟ್ಟುಕೊಳ್ಳಿ. ಪಟ್ಟಿಯ ಒಂದೊಂದೇ ಪದ ಒಡೆದು, ಅದಕ್ಕೆ ಬೇಕಾದ ಅಕ್ಷರ ಬೋರ್ಡಿನಲ್ಲಿ ಅಷ್ಟು ಸಲ ಇದೆಯಾ ನೋಡಿ. ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಕ್ಕೆ. ಒಂದೂವರೆ ಲಕ್ಷ ಪದಕ್ಕೆ ಮಾಮೂಲಿ ಲ್ಯಾಪ್‌ಟಾಪಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಬೈಟು ಕಾಫಿ:
ಅರ್ಧ ಅರ್ಥ ಆಯಿತು, ಇನ್ನರ್ಧಕ್ಕೆ ಮಗಳನ್ನ ಕರೆಯುತ್ತೇನೆ. ಆದರೆ ನಿಘಂಟಿನಲ್ಲಿ ಇದ್ದದ್ದೆಲ್ಲ ಸರಿ ಅಂದರೆ ನಮಗೆ ಯಾರಿಗೂ ಗೊತ್ತಿಲ್ಲದ ಪದಗಳೆಲ್ಲ ಬರಲ್ವಾ?

ಸೊನ್ನೆ ಒಂದು:
ಬರುತ್ತೆ. ಅದಕ್ಕೆ ಪ್ರೋಗ್ರಾಂ ಕೊಡೋ ಪಟ್ಟಿಯನ್ನ ಯಾರಾದರೂ ಕೂತು ಸೋಸಬೇಕು. ಆ ಕೆಲಸ ನನಗೆ ಬರಲ್ಲ, ಮೇಷ್ಟ್ರನ್ನ ಕೇಳಿ.

ಮೇಷ್ಟ್ರು:
ಕರೆದಿರಿ, ಬಂದೆ. ನಿಘಂಟು ಅನ್ನೋದು ಒಂದೇ ತರ ಇರಲ್ಲ. ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಅದು ಶಾಸನ, ಹಳಗನ್ನಡ, ನಡುಗನ್ನಡ ಎಲ್ಲವನ್ನೂ ಸೇರಿಸಿಕೊಂಡದ್ದು. ಕಿಟೆಲ್ ನಿಘಂಟು 1894ರದ್ದು. ಇವನ್ನ ತೀರ್ಪಿಗೆ ಇಟ್ಟರೆ ‘ಹುಲಿ’ ಜೊತೆಗೆ ‘ಪುಲಿ’ಯೂ ಸರಿ, ‘ಹೂ’ ಜೊತೆಗೆ ‘ಪೂ’ವೂ ಸರಿ. ಹಳಗನ್ನಡ ಓದಿದ ಒಬ್ಬರು ತಂಡದಲ್ಲಿದ್ದರೆ ಆಟ ಅಲ್ಲಿಗೇ ಮುಗೀತು. ನಾನೇ ಆ ತಂಡಕ್ಕೆ ಸೇರಿಕೊಳ್ಳುತ್ತೇನೆ ಬೇಕಾದರೆ.

ಮನೆಯಾಟಕ್ಕೆ ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಸಾಕು. ಒಂದೇ ಪುಸ್ತಕ, ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಆಟಕ್ಕೆ ಮುಂಚೆ ಎಲ್ಲರ ಎದುರು ಅದನ್ನ ಎತ್ತಿ ತೋರಿಸಿ, ‘ಇದರಲ್ಲಿ ಇದ್ದರೆ ಪದ, ಇಲ್ಲದಿದ್ದರೆ ಇಲ್ಲ’ ಅಂದುಬಿಡಿ. ನಿಘಂಟು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಪ್ರಶ್ನೆ ಆಮೇಲೆ. ಎಲ್ಲರಿಗೂ ಒಂದೇ ಇರಬೇಕು, ಅದು ಮುಖ್ಯ.

ಟೆಕ್ಸಾಸ್ ಕನ್ನಡತಿ:
ಮೇಷ್ಟ್ರೇ, ಸ್ಕ್ರ್ಯಾಬಲ್‌ನಲ್ಲೂ ಅದೇ ಕತೆ. ಅಮೆರಿಕ ಕೆನಡಾದ ಪಂದ್ಯಗಳಿಗೆ ಒಂದು ಪಟ್ಟಿ, ಬೇರೆ ಬಹುಪಾಲು ಕಡೆ ಕಾಲಿನ್ಸ್ ಪಟ್ಟಿ. ಕಾಲಿನ್ಸ್‌ನಲ್ಲಿ ನಮ್ಮ ದೋಸೆ, ಇಡ್ಲಿ, ರಾಗಿ ಎಲ್ಲ ಇಂಗ್ಲಿಷ್ ಪದಗಳಾಗಿ ಕೂತಿವೆ. ಅರ್ಥ ಗೊತ್ತಿರಬೇಕು ಅಂತಲೂ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡೋಕೆ ಬರದೇ, ಪದಪಟ್ಟಿ ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಪಟ್ಟಿ ಮುಂದೆ ಯಾರದ್ದೂ ನಡೆಯಲ್ಲ.

ಪದಹುಚ್ಚ:
ಅಯ್ಯೋ, ನನಗೆ ಅದು ಸೇರಲ್ಲ. ಅರ್ಥ ಗೊತ್ತಿಲ್ಲದೆ ಪದ ಬರೆದರೆ ಅಂಕ ಕೊಡಬಾರದು. ನಮ್ಮ ಕಡೆ ಆಡುವಾಗ ‘ವಾಕ್ಯದಲ್ಲಿ ಹೇಳು’ ಅಂತೀವಿ. ಹೇಳೋಕೆ ಬರದಿದ್ದರೆ ಪದ ಹೊರಗೆ. ಸುಮ್ನೆ ಅಕ್ಷರ ಜೋಡಿಸಿ ಅದೃಷ್ಟ ನೋಡುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮೇಷ್ಟ್ರು:
ಅದನ್ನೂ ಸೇರಿಸಿಕೊಳ್ಳಿ, ಒಳ್ಳೆಯದೇ. ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಪದದ ಬಾಲ ಬೆಳೀತಾ ಹೋಗುತ್ತೆ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳು, ಮನೆಗಳಿಗೂ. ಇದನ್ನೆಲ್ಲ ಒಪ್ಪಿದರೆ ಪದ ಹುಡುಕೋ ಆಟ ಹೋಗಿ ವಿಭಕ್ತಿ ಹಚ್ಚೋ ಆಟ ಆಗುತ್ತೆ. ಇಂಗ್ಲಿಷ್ ಆಟದಲ್ಲಿ ಬಹುವಚನ ನಡೆಯುತ್ತೆ ಅಂತ ಇಲ್ಲಿಗೂ ತರೋದು ಬೇಡ. ನಿಘಂಟಿನಲ್ಲಿ ದಪ್ಪಕ್ಷರದಲ್ಲಿ ತಲೆಪದವಾಗಿ ಇರೋ ರೂಪ ಮಾತ್ರ ಒಪ್ಪಿ.

ಹಾಗೆ ನೋಡಿದರೆ ನಿಮ್ಮ ಅಕ್ಷರಗಳಲ್ಲಿ ‘ಕರಗಿ’ ಸಿಗುತ್ತೆ, ‘ನರಳಿ’ ಸಿಗುತ್ತೆ, ‘ತಾಗಿ’ ಸಿಗುತ್ತೆ. ಮೂರೂ ಬೇಡ. ಅವು ಕರಗು, ನರಳು, ತಾಗು ಅನ್ನೋ ಕ್ರಿಯಾಪದಗಳ ರೂಪ. ‘ಕಳಿ’, ‘ಕದಿ’ ನಡೆಯುತ್ತೆ, ಅವು ಧಾತುವೇ.

ಪದಹುಚ್ಚ:
‘ಮರಳಿ’? ಅದೂ ‘ಮರಳು’ ಇಂದ ಬಂದದ್ದೇ ಅಲ್ವಾ?

ಮೇಷ್ಟ್ರು:
ಇದನ್ನೇ ಯಾರಾದರೂ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ‘ಮರಳಿ ಯತ್ನವ ಮಾಡು’ ಅನ್ನುವಾಗ ಅದು ಮತ್ತೆ ಅನ್ನೋ ಅರ್ಥದ ಬೇರೆ ಪದವಾಗಿಯೇ ನಿಂತಿದೆ. ಒಪ್ಪಿ.

ಧಾರವಾಡ ಫೇಡೆ:
ಮೇಷ್ಟ್ರೇ, ನಂದೊಂದು ತಕರಾರು ಇದೆ. ಈ ಅಕ್ಷರಗಳಲ್ಲಿ ‘ಮಳಿ’ ಆಗುತ್ತೆ, ‘ನಗಿ’ ಆಗುತ್ತೆ. ನಮ್ಮ ಕಡೆ ಮಳಿ ಬರುತ್ತದೆ, ಮಳೆ ಬರೋದಿಲ್ಲ. ಅದನ್ನ ಹೊರಗೆ ಹಾಕೋದು ಯಾವ ನ್ಯಾಯ?

ಕಡಲ ತಡಿಯವಳು:
ಹಾಗಾದರೆ ನಂದೂ ಒಂದು. ‘ಮಡಲು’. ತೆಂಗಿನ ಗರಿಗೆ ಕರಾವಳಿಯಲ್ಲಿ ಹಾಗೇ ಹೇಳೋದು. ಬೆಂಗಳೂರಿನವರು ಬರೆದದ್ದೆಲ್ಲ ಸರಿ, ನಮ್ಮದು ತಪ್ಪು ಅಂದರೆ ನಾವು ಆಟಕ್ಕೇ ಬರಲ್ಲ.

ಮೇಷ್ಟ್ರು:
ಇಬ್ಬರದ್ದೂ ಒಂದೇ ತರ ಕಂಡರೂ ಒಂದೇ ಅಲ್ಲ. ‘ಮಡಲು’ ಬೇರೆಯೇ ಪದ, ಅದಕ್ಕೆ ಬದಲಾಗಿ ಇನ್ನೊಂದು ಕಾಗುಣಿತ ಇಲ್ಲ. ಅದನ್ನ ಒಪ್ಪಲೇಬೇಕು. ಧಾರವಾಡದವರ ‘ತಾಸು’, ‘ರೊಕ್ಕ’ ಬಂದರೂ ಹಾಗೇ ಒಪ್ಪಬೇಕು. ‘ಮಳಿ’ ಮಾತ್ರ ‘ಮಳೆ’ಯನ್ನ ಹೇಳೋ ರೀತಿ. ಧಾರವಾಡದ ಕವಿಗಳೂ ಪತ್ರಿಕೆಗಳೂ ಬರೆಯುವಾಗ ಹೆಚ್ಚಾಗಿ ‘ಮಳೆ’ ಅಂತಲೇ ಬರೆಯುತ್ತಾರೆ. ಇದನ್ನ ಒಪ್ಪಿದರೆ ಮೈಸೂರು ಕಡೆಯವರ ‘ಬತ್ತೀನಿ’, ‘ಓಯ್ತು’ ಎಲ್ಲ ಒಪ್ಪಬೇಕಾಗುತ್ತೆ.

ಧಾರವಾಡ ಫೇಡೆ:
ಒಪ್ಪಿದರೆ ಏನಾಯಿತು? ಆಟ ಅಲ್ಲವೇ? ಬರಹದ ರೂಪ ಯಾರು ಗೊತ್ತು ಮಾಡಿದ್ದು ಅನ್ನೋ ಪ್ರಶ್ನೆ ಇದ್ದೇ ಇದೆ. ನಿಮ್ಮ ನಿಘಂಟು ನಿಮಗೆ. ನಮ್ಮ ಕಡೆ ಆಡುವಾಗ ನಾವು ‘ಮಳಿ’ಗೆ ಅಂಕ ಕೊಡುತ್ತೇವೆ.

ಚೌಕಳಿ:
ಇದು ಇವತ್ತು ಮುಗಿಯೋ ಜಗಳ ಅಲ್ಲ. ಬೈಟು ಕಾಫಿ ಅವರೇ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹುಬ್ಬಳ್ಳಿ ಕಡೆಯವರು ಜಾಸ್ತಿ ಇದ್ದರೆ ಒಪ್ಪಿಬಿಡಿ, ಮೊದಲೇ ಹೇಳಿ ಅಷ್ಟೇ. ಕತೆ/ಕಥೆ, ಗಳಿಗೆ/ಘಳಿಗೆ ತರದ ಜೋಡಿ ಬಂದರೆ ಎರಡೂ ಸರಿ, ಆದರೆ ಒಂದು ತಂಡಕ್ಕೆ ಒಂದೇ ಅಂಕ. ಜೋಡುಪದಗಳ ಕಡೆ ಹುಷಾರು. ‘ಗಿಡಮರ’ ಇದೆ ನಿಮ್ಮ ಅಕ್ಷರಗಳಲ್ಲಿ, ನಾಲ್ಕು ಅಕ್ಷರದ ಪದ ಅಂತ ಬರೆಯುತ್ತಾರೆ. ಅದು ರೂಢಿಯಲ್ಲಿದೆ, ಒಪ್ಪಬಹುದು. ತಿರುಗಿಸಿ ‘ಮರಗಿಡ’ ಬರೆಯುತ್ತಾರೆ, ಅದನ್ನೂ ಅಂದುಕೊಳ್ಳೋಣ. ಆಮೇಲೆ ‘ಸವಿದಿನ’, ‘ರಸಕವಿ’ ಶುರುವಾಗುತ್ತೆ. ಅಲ್ಲಿ ತಡೀಬೇಕು. ಹೆಸರುಗಳೂ ಬೇಡ. ‘ಕವಿತಾ’ ಹೆಸರು, ಪದ ‘ಕವಿತೆ’. ‘ರವಿ’ ಸೂರ್ಯ, ಅದು ನಡೆಯುತ್ತೆ.

ಬೈಟು ಕಾಫಿ:
‘ಸವಿತಾ’ ಕೂಡ ಸೂರ್ಯನೇ ಅಂತ ನಮ್ಮ ಸೆಕ್ರೆಟರಿ ವಾದ ಮಾಡುತ್ತಾರೆ ನೋಡಿ, ಅವರ ಹೆಂಡತಿ ಹೆಸರು ಅದೇ.

ಮೇಷ್ಟ್ರು:
ನಿಘಂಟು ತೆಗೆದು ತೋರಿಸಿ. ನನ್ನನ್ನ ಆ ಸಂಸಾರದೊಳಗೆ ಎಳೀಬೇಡಿ.

ಪದಹುಚ್ಚ:
ನಿಯಮ ಸಾಕು, ಹುಡುಕೋ ಉಪಾಯ ಹೇಳುತ್ತೇನೆ. ಎಡದಿಂದ ಬಲಕ್ಕೆ ಜೋಡಿಸ್ತಾ ಹೋದರೆ ತಲೆ ಕೆಡುತ್ತೆ. ಕೊನೆಯ ಅಕ್ಷರದಿಂದ ಶುರು ಮಾಡಿ. ಕನ್ನಡದ ಸ್ವಂತ ಪದಗಳು ಹೆಚ್ಚಾಗಿ ಉ, ಎ, ಇ ಸದ್ದಿನಲ್ಲಿ ನಿಲ್ಲುತ್ತವೆ. ಹಾಗಾಗಿ ‘ಲು’ ಕಂಡ ಕೂಡಲೇ ಅದನ್ನ ಬಾಲಕ್ಕೆ ಹಾಕಿ: ಕಡಲು, ನಕಲು, ಮಡಲು. ಆಮೇಲೆ ಥಟ್ ಅಂತ ಹೊಳೆಯುತ್ತೆ, ದಿಗಿಲು! ದಿ, ಗಿ, ಲು ಮೂರೂ ಅಲ್ಲೇ ಬಿದ್ದಿತ್ತು, ಎಲ್ಲರ ಕಣ್ಣು ತಪ್ಪಿಸಿತ್ತು. ‘ಳಿ’ ಬಾಲಕ್ಕೆ ಹಾಕಿ: ಗಿಳಿ, ತಾಳಿ, ಕಳಿ, ಮರಳಿ. ‘ವಿ’ ಹಾಕಿ: ಕವಿ, ಸವಿ, ರವಿ, ಮನವಿ. ‘ದಿ’ ಹಾಕಿ: ನದಿ, ಕದಿ, ಸರದಿ.

ತಲೆಗೆ ಯಾವುದು ಬರಲ್ಲ ಅನ್ನೋದೂ ಗೊತ್ತಿರಬೇಕು. ‘ಳ’ ಮತ್ತು ‘ಣ’ ಇಂದ ಕನ್ನಡ ಪದ ಶುರುವಾಗಲ್ಲ. ‘ಡ’ದಿಂದ ಶುರುವಾಗೋ ಪದ ಇದೆ, ಡೊಳ್ಳು, ಡಬ್ಬಿ ಅಂತ, ಆದರೆ ಕಡಿಮೆ. ಹಾಗಾಗಿ ಈ ಬೋರ್ಡಿನ ‘ಳಿ’ಯನ್ನ ಮುಂದೆ ಇಟ್ಟುಕೊಂಡು ಒದ್ದಾಡೋದು ದಂಡ. ‘ವಿ’ ಎರಡೂ ಕಡೆ ಕೆಲಸಕ್ಕೆ ಬರುತ್ತೆ. ಮುಂದೆ ಇಟ್ಟರೆ ಸಂಸ್ಕೃತದಿಂದ ಬಂದ ಪದಗಳ ಬಾಗಿಲು ತೆರೆಯುತ್ತೆ: ವಿರಸ, ವಿತಾನ, ವಿಕಸನ. ‘ಅ’ ಸದ್ದಿನಲ್ಲಿ ಮುಗಿಯೋ ಮೂರು ನಾಲ್ಕು ಅಕ್ಷರದ ಪದಗಳು ಹೆಚ್ಚಾಗಿ ಆ ಕಡೆಯವೇ. ಸಮರ, ನರಕ, ಮಕರ, ತಾಮಸ, ತಾರಕ, ದಿನಕರ. ‘ಭ’, ‘ಧ’, ‘ಥ’ ತರದ ಮಹಾಪ್ರಾಣ ಇದ್ದರಂತೂ ಸೀದಾ ಸಂಸ್ಕೃತದ ಕಡೆ ಯೋಚಿಸಿ, ಹೊತ್ತು ಉಳಿಯುತ್ತೆ.

ಮೂರನೇದು, ಸಿಕ್ಕಿದ ಪದವನ್ನ ಹಾಗೇ ಬಿಡಬೇಡಿ, ತಿರುವಿ ನೋಡಿ. ನದಿ ತಿರುವಿದರೆ ದಿನ. ಸರ ತಿರುವಿದರೆ ರಸ. ಬೇರೆ ಅಕ್ಷರ ಇದ್ದಾಗ ಗಜ-ಜಗ, ವನ-ನವ, ಶವ-ವಶ, ದಾಸ-ಸದಾ. ‘ರಮಣ’ನ ಅಕ್ಷರ ಅದಲುಬದಲು ಮಾಡಿದರೆ ‘ಮರಣ’, ಇದನ್ನ ಮದುವೆ ಮನೆಯಲ್ಲಿ ಹೇಳಬೇಡಿ ಅಷ್ಟೇ.

ಕಡಲ ತಡಿಯವಳು:
‘ಕಡ’ ಬಿಟ್ಟಿರಿ. ಸಾಲ ಅನ್ನೋ ಅರ್ಥದಲ್ಲಿ, ‘ಕಡ ಕೊಡು’ ಅಂತೀವಲ್ಲ. ‘ತಾನ’ ಇದೆ, ಸಂಗೀತದ್ದು. ಒಂದೇ ಅಕ್ಷರದ ಪದ ನಡೆಯುತ್ತಾ? ಹಾಗಾದರೆ ‘ತಾ’ ಇದೆ.

ಚೌಕಳಿ:
ಒಂದಕ್ಷರ ಬೇಡ. ಬಾ, ತಾ, ಹೂ, ಕೈ, ಮೈ ಅಂತ ಎಲ್ಲರೂ ಮೊದಲ ನಿಮಿಷದಲ್ಲೇ ಬರೆದು ಮುಗಿಸುತ್ತಾರೆ, ಅದರಲ್ಲಿ ಏನು ಮಜಾ. ಎರಡಕ್ಷರಕ್ಕೂ ಅಂಕ ಕಡಿಮೆ ಇಡಿ. ಎರಡಕ್ಷರಕ್ಕೆ 1, ಮೂರಕ್ಷರಕ್ಕೆ 3, ನಾಲ್ಕಕ್ಕೆ 6. ಆಗ ‘ವಿಕಸನ’ ಹುಡುಕಿದವರಿಗೆ ‘ಮರ, ಸರ, ಕರ’ ಬರೆದವರಿಗಿಂತ ಬೆಲೆ ಸಿಗುತ್ತೆ. ಈಗ ನೀವು ಮಾಡುತ್ತಿರೋ ಹಾಗೆ ಬರೀ ಎಣಿಸಿದರೆ ಬೇಗ ಬರೆಯೋ ಕೈ ಗೆಲ್ಲುತ್ತೆ, ಪದ ಬಲ್ಲ ತಲೆ ಸೋಲುತ್ತೆ.

ಟೆಕ್ಸಾಸ್ ಕನ್ನಡತಿ:
ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸ್ಪೆಲ್ಲಿಂಗ್ ಬೀ ಅಂತ ಒಂದು ಆಟ ಬರುತ್ತೆ. ಏಳು ಅಕ್ಷರ, ನಡುವಿನ ಒಂದು ಅಕ್ಷರ ಪ್ರತಿ ಪದದಲ್ಲೂ ಇರಲೇಬೇಕು, ನಾಲ್ಕು ಅಕ್ಷರಕ್ಕಿಂತ ಚಿಕ್ಕ ಪದ ಇಲ್ಲ. ಕಡ್ಡಾಯ ಅಕ್ಷರದ ಉಪಾಯ ಕನ್ನಡಕ್ಕೆ ತುಂಬಾ ಹೊಂದುತ್ತೆ. ಎರಡನೇ ಸುತ್ತಿಗೆ ಇದೇ ಬೋರ್ಡ್ ಇಟ್ಟು ‘ಈಗ ‘ವಿ’ ಇರೋ ಪದ ಮಾತ್ರ’ ಅನ್ನಿ. ಪಟ್ಟಿ ಚಿಕ್ಕದಾಗುತ್ತೆ, ತೀರ್ಪೂ ಬೇಗ. ಅಲ್ಲಿ ಇನ್ನೊಂದಿದೆ, ಆಟದ ಸಂಪಾದಕರು ಯಾರಿಗೂ ಗೊತ್ತಿರದ ಪದಗಳನ್ನ ಮೊದಲೇ ತೆಗೆದುಹಾಕುತ್ತಾರೆ. ಅದಕ್ಕೂ ಜನ ‘ನನ್ನ ಪದ ಯಾಕೆ ಒಪ್ಪಲಿಲ್ಲ’ ಅಂತ ಬೈತಾನೇ ಇರುತ್ತಾರೆ. ಹಾಗಾಗಿ ಬೈಗುಳ ತಪ್ಪಿಸ್ಕೊಳ್ಳೋ ಆಸೆ ಬಿಟ್ಟುಬಿಡಿ.

ಬೈಟು ಕಾಫಿ:
ಅಂಕದ ಲೆಕ್ಕ, ‘ವಿ’ ಸುತ್ತು ಎರಡೂ ತಗೊಂಡೆ. ಬೋರ್ಡ್ ಅಕ್ಷರ ಬದಲಾಯಿಸಬೇಕು ಈಗ, ಇಲ್ಲಿ ಎಲ್ಲ ಉತ್ತರ ಬಂದುಬಿಟ್ಟಿದೆ. ಟೀಚರ್, ಮಕ್ಕಳ ಸುತ್ತಿಗೆ ಒತ್ತಕ್ಷರ ಇರೋ ಹಾಗೆ ಒಂದು ಪಟ್ಟಿ ಕೊಡುತ್ತೀರಾ? ಮೂರು ನಾಲ್ಕನೇ ಕ್ಲಾಸಿನ ಮಕ್ಕಳು.

ನಲಿಕಲಿ ಟೀಚರ್:
ಖಂಡಿತ. ಎರಡು ಸಾಲು ಮಾಡಿ. ಮೇಲಿನ ಸಾಲಿನಲ್ಲಿ ಅ, ಕ, ಮ, ಹ. ಕೆಳಗಿನ ಸಾಲಿನಲ್ಲಿ ಕ್ಕ, ಮ್ಮ, ಗ್ಗ, ಣ್ಣು, ಪ್ಪು, ತ್ತೆ, ಜ್ಜಿ, ಳ್ಳಿ. ಮೇಲಿಂದ ಒಂದು, ಕೆಳಗಿಂದ ಒಂದು ತಗೊಂಡು ಜೋಡಿಸಬೇಕು, ಎಷ್ಟು ಸಲ ಬೇಕಾದರೂ ಬಳಸಬಹುದು. ಅಕ್ಕ, ಅಮ್ಮ, ಅಜ್ಜಿ, ಅತ್ತೆ, ಕತ್ತೆ, ಕಪ್ಪು, ಕಣ್ಣು, ಹಣ್ಣು, ಮಣ್ಣು, ಹಗ್ಗ, ಮಗ್ಗ, ಹಳ್ಳಿ, ಕಳ್ಳಿ. ‘ಅತ್ತೆ’ ಆದ ಮೇಲೆ ‘ಕತ್ತೆ’ ಬಂದಾಗ ಕ್ಲಾಸಿನಲ್ಲಿ ಅರ್ಧ ನಿಮಿಷ ಪಾಠ ನಿಲ್ಲುತ್ತೆ, ಅದಕ್ಕೆ ಹೊತ್ತು ಇಟ್ಟುಕೊಳ್ಳಿ. ‘ಮಗ್ಗ’ ಏನು ಅಂತ ಪೇಟೆ ಮಕ್ಕಳಿಗೆ ಗೊತ್ತಿರಲ್ಲ, ಒಂದು ಚಿತ್ರ ಇಟ್ಟುಕೊಂಡಿರಿ.

ಪದಹುಚ್ಚ:
‘ಮಳ್ಳಿ’ ಬರುತ್ತಲ್ಲ ಅದರಲ್ಲಿ! ಅಜ್ಜಿ ಜೊತೆ ಬೆಳೆದ ಯಾವುದಾದರೂ ಮಗು ಬರೆದೇ ಬರೆಯುತ್ತೆ. ಒಪ್ಪುತ್ತೀರಾ?

ಮೇಷ್ಟ್ರು:
‘ಮಳ್ಳಿ ಮಳ್ಳಿ ಮಿಂಚುಳ್ಳಿ’ ಅಂತ ಆಡುಮಾತೇ ಇರುವಾಗ ಒಪ್ಪದೇ ಏನು. ಕೊಡಿ ಒಂದಂಕ.